ಜೆ. ಸಿ. ರಸ್ತೆಯ ಮಂದ್ರಸ್ವರ

ಬೆಂಗಳೂರಿನ ಪುರಭವನದ ಮೆಟ್ಟಿಲುಗಳನ್ನಿಳಿದು ಮಿನರ್ವ ವೃತ್ತದ ಕಡೆಗೆ ಕಾಲು ಹಾಕುವ ಪಾದಚಾರಿಗೆ ಅರ್ಧ ಗಂಟೆಯೂ ಹಿಡಿಯದ ದಾರಿಯಲ್ಲಿ ಎರಡು ಲೋಕಗಳು ಎದುರಾಗುತ್ತವೆ. ಆರಂಭದಲ್ಲಿ ರವೀಂದ್ರ ಕಲಾಕ್ಷೇತ್ರ. ಕವಿ ರವೀಂದ್ರನಾಥರ ಜನ್ಮಶತಾಬ್ದಿಯ ಸ್ಮರಣೆಗಾಗಿ ಕಟ್ಟಲ್ಪಟ್ಟು 1963ರಲ್ಲಿ ಬಾಗಿಲು ತೆರೆದ ಈ ರಂಗಮಂದಿರದ ಮುಂದೆ ಸಂಜೆಯಾದರೆ ನಾಟಕದ ಹುಡುಗರು ಚಹಾ ಕುಡಿಯುತ್ತ ನಿಂತಿರುತ್ತಾರೆ. ಅದನ್ನು ದಾಟಿ ಸ್ವಲ್ಪ ನಡೆದರೆ ಸಾಕು, ಮೋಟಾರಿನ ಸಾಮ್ರಾಜ್ಯ. ಸೀಟಿನ ಹೊದಿಕೆ, ಬಂಪರು, ಹಾರನ್ನು, ದೀಪ, ಕನ್ನಡಿ, ಟೈರು, ಸ್ಟಿಯರಿಂಗಿಗೆ ತೊಡಿಸುವ ಚರ್ಮದ ಅಂಗಿ. ಒಂದು ಕಾರಿನ ಹೊಟ್ಟೆಯೊಳಗೂ ಮೈಮೇಲೂ ಏನೇನು ಇರಬಹುದೋ ಅದೆಲ್ಲ ಇಲ್ಲಿ ಅಂಗಡಿಗಳ ಮುಂದೆ ತೂಗಾಡುತ್ತದೆ. ಕಾರು ನಿಲ್ಲಿಸುವ ಮೊದಲೇ ಹುಡುಗರು ಓಡಿ ಬಂದು ಕಿಟಕಿಗೆ ಬಾಗಿ, ಕನ್ನಡ ತಮಿಳು ಉರ್ದು ಹಿಂದಿಗಳಲ್ಲಿ ಯಾವುದು ನಾಟುವುದೋ ನೋಡೋಣವೆಂಬಂತೆ ಒಂದಾದ ಮೇಲೊಂದು ಪ್ರಯೋಗಿಸಿ, ‘ಏನು ಬೇಕು ಸಾರ್?’ ಎಂದು ವಿಚಾರಿಸುತ್ತಾರೆ.

ರಸ್ತೆಗೆ ಹೆಸರನ್ನಿತ್ತ ದೊರೆಯನ್ನು ಈ ಗದ್ದಲದಲ್ಲಿ ನೆನೆಯುವವರು ವಿರಳ. ಜಯಚಾಮರಾಜೇಂದ್ರ ಒಡೆಯರು (1919–1974) ಮೈಸೂರಿನ ಕೊನೆಯ ಮಹಾರಾಜರೆಂಬುದನ್ನು ಶಾಲೆಯ ಮಕ್ಕಳೂ ಬಲ್ಲರು. ‘ಶ್ರೀವಿದ್ಯಾ’ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂಬುದನ್ನು ಸಂಗೀತಾಸಕ್ತರು ಬಲ್ಲರು. ಆದರೆ ಅವರು ಗ್ರಾಮಫೋನಿನ ಮಹಾ ಉಪಾಸಕರಾಗಿದ್ದರೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ವೃದ್ಧ ಸಂಗೀತಕಾರನ ಕೃತಿಗಳನ್ನು ಎರಡನೆಯ ಮಹಾಯುದ್ಧದ ತರುವಾಯದ ವರ್ಷಗಳಲ್ಲಿ ಧ್ವನಿಮುದ್ರಿಸಿ ಉಳಿಸಲು ಹಣವೊದಗಿಸಿದವರು ಅವರೇ. ಮೆಟ್ನರ್ ತನ್ನ ಮೂರನೆಯ ಪಿಯಾನೊ ಕಾನ್ಸರ್ಟೊವನ್ನು ಈ ಮೈಸೂರು ದೊರೆಗೆ ಅರ್ಪಿಸಿದನು. ಇಂತಹವರ ಹೆಸರಿನ ಬೀದಿಯ ಬದಿಯಲ್ಲಿ, ಮರದ ಪೆಟ್ಟಿಗೆಯೊಂದರಿಂದ ಒಳ್ಳೆಯ ನಾದವನ್ನು ಹೊರಡಿಸುವುದು ಹೇಗೆಂದು ಇಂದಿಗೂ ತಲೆ ಕೆಡಿಸಿಕೊಳ್ಳುವವರಿದ್ದಾರೆ ಎಂಬುದು ಆಕಸ್ಮಿಕವೇ ಇರಬಹುದು. ಆದರೂ ಸೊಗಸಾದ ಆಕಸ್ಮಿಕ.

ಹೆದ್ದಾರಿಯ ಅಂಗಡಿಗಳು ಮಾರುವುದು ಯಂತ್ರಗಳನ್ನು. ಯಂತ್ರಕ್ಕೆ ಮನೆ ಕಟ್ಟುವವರನ್ನು ಕಾಣಬೇಕಾದರೆ ಅಡ್ಡರಸ್ತೆಗೆ ಹೊರಳಬೇಕು. ಅಲ್ಲೊಂದು ತಗಡಿನ ಛಾವಣಿ. ಅದರ ಕೆಳಗೆ ಗರಗಸದ ಯಂತ್ರ, ಹಲಗೆಗಳ ರಾಶಿ, ಅಂಟಿನ ಡಬ್ಬಿ, ಎಲ್ಲದರ ಮೇಲೂ ಹಿಟ್ಟಿನಂತಹ ಕಂದು ಧೂಳು. ಇಲ್ಲಿಯ ಮೇಸ್ತ್ರಿ ಬಾಗಿಲು ಕಿಟಕಿಗಳನ್ನು ಮಾಡುವುದಿಲ್ಲ. ಮಂಚ ಮೇಜುಗಳನ್ನೂ ಮಾಡುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಕೂರುವ, ‘ಸಬ್‌ವೂಫರ್’ ಎಂಬ ದೊಡ್ಡ ಸ್ಪೀಕರಿಗೆ ಹೊಂದುವ ಪೆಟ್ಟಿಗೆಗಳನ್ನು ಮಾತ್ರ ಮಾಡುತ್ತಾರೆ.

ಗೃಹಸ್ಥರಾದ ವಾಚಕರಲ್ಲಿ ಬಹುಮಂದಿಗೆ ಈ ಹೆಸರು ಕೇಳಿದೊಡನೆ ಮುಖ ಕಿವುಚುವಂತಾದರೆ ಆಶ್ಚರ್ಯವಿಲ್ಲ. ನಡುರಾತ್ರಿ ಬೀದಿಯಲ್ಲಿ ಹಾದುಹೋಗುವ ಯಾವುದೋ ಕಾರಿನಿಂದ ‘ಧಂ, ಧಂ’ ಎಂಬ ಸದ್ದು ಹೊರಟು ಮನೆಯ ಕಿಟಕಿಯ ಗಾಜುಗಳನ್ನು ಅದುರಿಸುವುದು ಎಲ್ಲರ ಅನುಭವ. ಹಾಡು ಯಾವುದೇ ಇರಲಿ, ಸದ್ದು ಮಾತ್ರ ಅದೇ ಒಂದು. ಅದನ್ನು ಕೇಳಿ ಯಂತ್ರವನ್ನೇ ಶಪಿಸುವವರು ಉಂಟು. ನಿಜವಾಗಿ ಅಪರಾಧದ ಅರ್ಧ ಪಾಲು ಗಾಡಿ ಓಡಿಸುವವನದು. ಉಳಿದರ್ಧ, ಲೆಕ್ಕವಿಲ್ಲದೆ ಕೊಯ್ದ ಪೆಟ್ಟಿಗೆಯದು. ಚೆನ್ನಾಗಿ ಕಟ್ಟಿದ ಪೆಟ್ಟಿಗೆ ಒಂದೇ ಸ್ವರವನ್ನು ಹಿಡಿದು ಬಡಿಯುವುದಿಲ್ಲ. ಮೃದಂಗದ ಎಡಮುಖ, ತಬಲಾ ಜೋಡಿಯ ಡಗ್ಗ, ವಾದ್ಯವೃಂದದ ದೊಡ್ಡ ಪಿಟೀಲು, ಇವುಗಳ ಮಂದ್ರವನ್ನು ಇದ್ದಂತೆಯೇ ಒಪ್ಪಿಸುತ್ತದೆ. ಕಾರಿನ ಬಾಗಿಲುಗಳಲ್ಲಿರುವ ಸಣ್ಣ ಸ್ಪೀಕರುಗಳಿಗೆ ಅಷ್ಟು ತಗ್ಗಿನ ಸ್ವರವನ್ನು ಎತ್ತುವ ತ್ರಾಣವಿರುವುದಿಲ್ಲ.

ಪೆಟ್ಟಿಗೆಯೇ ಏಕೆ ಬೇಕು? ಸ್ಪೀಕರಿನ ಕಾಗದದ ತಟ್ಟೆ, ಅಂದರೆ ಕೋನು, ಮುಂದಕ್ಕೆ ಚಿಮ್ಮಿದಾಗ ಮುಂದಿನ ಗಾಳಿ ಒತ್ತಿಕೊಳ್ಳುತ್ತದೆ. ಅದೇ ಕ್ಷಣದಲ್ಲಿ ಹಿಂದಿನ ಗಾಳಿ ಸಡಿಲುತ್ತದೆ. ನಡುವೆ ಗೋಡೆಯಿಲ್ಲದಿದ್ದರೆ ಈ ಎರಡೂ ಅಂಚಿನ ಸುತ್ತ ಹರಿದು ಒಂದನ್ನೊಂದು ನುಂಗಿಬಿಡುತ್ತವೆ. ಬರಿಯ ಸ್ಪೀಕರನ್ನು ಕೈಯಲ್ಲಿ ಹಿಡಿದು ನುಡಿಸಿದರೆ ಮಂದ್ರವೇ ಕೇಳಿಸದಿರುವುದು ಇದರಿಂದಲೇ. ಸುತ್ತಲೂ ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರೆ ಜಗಳ ತೀರುತ್ತದೆ. ಆದರೆ ಹಿಂದಿನ ಅಲೆ ಪೆಟ್ಟಿಗೆಯೊಳಗೇ ಸೆರೆಯಾಗಿ ವ್ಯರ್ಥವಾಗುತ್ತದೆ.

ಆ ಸೆರೆಯಾಳನ್ನು ಬಿಡಿಸಿ ಕೆಲಸಕ್ಕೆ ಹಚ್ಚುವ ಉಪಾಯವೇ ‘ಪೋರ್ಟ್’, ಅಂದರೆ ಪೆಟ್ಟಿಗೆಗೆ ಕೊರೆದ ಒಂದು ರಂಧ್ರ ಮತ್ತು ಅದರೊಳಕ್ಕೆ ಇಳಿಬಿಟ್ಟ ಒಂದು ಕೊಳವೆ. ಬರಿದಾದ ಹೂಜಿಯ ಬಾಯ ಮೇಲೆ ಅಡ್ಡಲಾಗಿ ಊದಿದಾಗ ‘ಬೂಂ’ ಎಂದು ಸ್ವರ ಹೊರಡುವುದನ್ನು ಬಲ್ಲವರಿಗೆ ಈ ಶಾಸ್ತ್ರ ಅರ್ಧ ತಿಳಿದಂತೆಯೇ. ಹೂಜಿಯ ಹೊಟ್ಟೆಯಲ್ಲಿರುವ ಗಾಳಿ ಸ್ಪ್ರಿಂಗಿನಂತೆ. ಕುತ್ತಿಗೆಯಲ್ಲಿರುವ ಗಾಳಿ ಆ ಸ್ಪ್ರಿಂಗಿಗೆ ತೂಗುಹಾಕಿದ ಭಾರದಂತೆ. ಎರಡೂ ಸೇರಿ ತಮ್ಮದೇ ಆದ ಒಂದು ಲಯದಲ್ಲಿ ಜೋಕಾಲಿಯಾಡುತ್ತವೆ. ಘಟವಾದಕರು ಘಟದ ಬಾಯನ್ನು ಹೊಟ್ಟೆಗೆ ಒತ್ತಿ, ಮತ್ತೆ ಸಡಿಲಿಸಿ, ಅದರ ಗುಂಕಾರವನ್ನು ಬದಲಿಸುವುದೂ ಇದೇ ನಿಯಮದ ಮೇಲೆ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ 1863ರಲ್ಲಿ ಪ್ರಕಟಿಸಿದ ಸ್ವರಸಂವೇದನೆಯ ಗ್ರಂಥದಿಂದಾಗಿ ಇಂತಹ ಪಾತ್ರೆಗಳಿಗೆ ಅವನ ಹೆಸರೇ ನಿಂತಿತು. ಅಮೆರಿಕದ ಬೆಲ್ ಪ್ರಯೋಗಾಲಯದ ಥುರಾಸ್ ಎಂಬಾತ 1930ರಲ್ಲಿ ಅರ್ಜಿ ಹಾಕಿ 1932ರಲ್ಲಿ ಪಡೆದ ಪೇಟೆಂಟು, ಸ್ಪೀಕರಿನ ಪೆಟ್ಟಿಗೆಗೆ ಈ ಕುತ್ತಿಗೆಯನ್ನು ತೊಡಿಸಿತು. ಪೆಟ್ಟಿಗೆಯನ್ನು ಊಹೆಯಿಂದ ಬಿಡಿಸಿ ಲೆಕ್ಕಕ್ಕೆ ಕಟ್ಟಿದ ಕೆಲಸ ನಡೆದದ್ದು ಆಸ್ಟ್ರೇಲಿಯದಲ್ಲಿ. 1961ರಲ್ಲಿ ನೆವಿಲ್ ಥೀಲ್ ಬರೆದ ಪ್ರಬಂಧವೂ, 1970ರ ದಶಕದ ಆರಂಭದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್ ನಡೆಸಿದ ಸಂಶೋಧನೆಯೂ ಸೇರಿ, ಯಾವ ಸ್ಪೀಕರಿಗೆ ಎಷ್ಟು ಗಾಳಿ ಬೇಕು, ಎಷ್ಟುದ್ದದ ಕೊಳವೆ ಬೇಕು ಎಂಬುದನ್ನು ಕಾಗದದ ಮೇಲೆ ಮೊದಲೇ ಕಂಡುಕೊಳ್ಳುವಂತಾಯಿತು. ಇಂದು ಸ್ಪೀಕರಿನ ಜೊತೆಗೆ ಬರುವ ಚೀಟಿಯಲ್ಲಿ ಅಚ್ಚಾಗಿರುವ ಅಂಕಿಗಳಿಗೆ ಆ ಇಬ್ಬರ ಹೆಸರೇ.

ಅಂತಹ ಒಂದು ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಶನಿವಾರ ಬೆಳಿಗ್ಗೆ ಒಬ್ಬ ತರುಣ ಈ ತಗಡಿನ ಛಾವಣಿಗೆ ಬರುತ್ತಾನೆ. ಹೊಸದಾಗಿ ಕೆಲಸಕ್ಕೆ ಸೇರಿದವನು. ಕೊಂಡಿರುವುದು ಹತ್ತಂಗುಲದ ಸಬ್‌ವೂಫರ್. ಕಾರು ತಂದೆಯದು, ಹಿಂದೆ ಪ್ರತ್ಯೇಕ ಡಿಕ್ಕಿಯುಳ್ಳದ್ದು. ತಂದೆಯವರೂ ಜೊತೆಗೆ ಬಂದಿದ್ದಾರೆ. ಬಂದುದು ಸಂಗೀತದ ಆಸೆಯಿಂದಲ್ಲವೆಂಬುದು ಅವರ ನಿಂತ ಭಂಗಿಯಲ್ಲೇ ವ್ಯಕ್ತವಾಗುತ್ತದೆ. ಡಿಕ್ಕಿ ತೆರೆದರೆ ಒಳಗೆ ಮಡಿಸಿಟ್ಟ ಒಂದು ಗಾಲಿಕುರ್ಚಿ. ಸಣ್ಣ ಗಾಲಿಗಳದು, ಒರಗು ಕೂಡ ಮಡಚಿಕೊಳ್ಳುವಂತಹದು.

“ಮೇಸ್ತ್ರಿ, ಇದು ನಮ್ಮ ತಾಯಿಯದು,” ಎಂದರು ತಂದೆ. “ವಾರಕ್ಕೆರಡು ಸಲ ಆಸ್ಪತ್ರೆಗೆ ಕರೆದೊಯ್ಯಬೇಕು. ಕುರ್ಚಿ ಹಿಡಿಸದಿದ್ದರೆ ನಿಮ್ಮ ಪೆಟ್ಟಿಗೆಯೇ ಬೇಡ.”

“ಹಿಂದಿನ ಸೀಟಿನ ಮೇಲಿಟ್ಟರಾಯಿತಲ್ಲಪ್ಪ,” ಎಂದ ಮಗ.

“ಹಿಂದಿನ ಸೀಟಿನಲ್ಲಿ ಅಜ್ಜಿ ಎಲ್ಲಿ ಕೂರಬೇಕು?”

ಮಗ ಮಾತಾಡಲಿಲ್ಲ. ಮೇಸ್ತ್ರಿ ಟೇಪು ಬಿಚ್ಚಿದರು. ಡಿಕ್ಕಿಯ ಆಳ, ಹಿಂದಿನ ಸೀಟಿನ ಬೆನ್ನಿನಿಂದ ಬಾಗಿಲಿನ ತುಟಿಯವರೆಗೆ, 96 ಸೆಂಟಿಮೀಟರು. ಗಾಲಿಗಳ ಉಬ್ಬುಗಳ ನಡುವಣ ಅಗಲ 100. ಕುರ್ಚಿ ಮಲಗಲು ಬೇಕಾದ ಜಾಗ 68. ಬಳಪದಿಂದ ಹಲಗೆಯ ಮೇಲೆ ಮೂರು ಅಂಕಿಗಳನ್ನು ಬರೆದುಕೊಂಡು, “ಈಗ ನಿಮ್ಮ ಚೀಟಿ ಕೊಡಿ ತಮ್ಮಾ,” ಎಂದರು.

ಚೀಟಿಯಲ್ಲಿ ಮುಖ್ಯವಾದವು ಮೂರು. ಮೊದಲನೆಯದು, ತಟ್ಟೆಯನ್ನು ತಟ್ಟಿ ಬಿಟ್ಟರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಸಲ ತೂಗಾಡುತ್ತದೆಂಬುದು. ಈ ಸ್ಪೀಕರಿನದು 33. ಎರಡನೆಯದು, ತೂಗಾಟಕ್ಕೆ ಎಷ್ಟು ಬಿಗಿಯಾದ ಕಡಿವಾಣವಿದೆ ಎಂಬುದು, 0.42. ಈ ಅಂಕಿ ಸಣ್ಣದಾದಷ್ಟೂ ಕಡಿವಾಣ ಬಿಗಿ. ಬಹಳ ದೊಡ್ಡದಾಗಿದ್ದರೆ ಅಂತಹ ಸ್ಪೀಕರು ಪೋರ್ಟಿನ ಪೆಟ್ಟಿಗೆಗೆ ಒಗ್ಗುವುದಿಲ್ಲ, ಮುಚ್ಚಿದ ಪೆಟ್ಟಿಗೆಯೇ ಅದಕ್ಕೆ ಲೇಸು. ಮೂರನೆಯದು ವಿಚಿತ್ರವಾದುದು, ತಟ್ಟೆಯನ್ನು ಹಿಡಿದಿರುವ ಬಟ್ಟೆ ರಬ್ಬರುಗಳ ಸೆಡೆತ ಎಷ್ಟು ಲೀಟರು ಗಾಳಿಯ ಸೆಡೆತಕ್ಕೆ ಸಮ ಎಂಬ ಅಂಕಿ, 36 ಲೀಟರು. ಈ ಮೂರನ್ನು ಸೇರಿಸಿ ನೋಡಿದರೆ ಸುಮಾರು 40 ಲೀಟರು ಗಾಳಿಯ ಪೆಟ್ಟಿಗೆ, 35 ಹರ್ಟ್ಸಿಗೆ, ಅಂದರೆ ಸೆಕೆಂಡಿಗೆ 35 ಕಂಪನಗಳಿಗೆ ಶ್ರುತಿ ಮಾಡಿದ ಕೊಳವೆ ಇದಕ್ಕೆ ಹೊಂದುತ್ತದೆ. ಮೊದಲು ಗುಣಕಯಂತ್ರ ಹಿಡಿದು ಮಾಡುತ್ತಿದ್ದ ಲೆಕ್ಕವನ್ನು ಈಗ ಕೈಯಲ್ಲಿರುವ ಫೋನು ಮಾಡಿಕೊಡುತ್ತದೆ. ಆದರೆ ಫೋನಿಗೆ ಗಾಲಿಕುರ್ಚಿಯ ವಿಷಯ ತಿಳಿಯದು.

ಇನ್ನು ಕೊಳವೆ. ಇಲ್ಲಿಯೇ ಹೆಚ್ಚಿನವರು ಎಡವುವುದು. ಮೂರಂಗುಲದ ಪೈಪು ಹಾಕಿದರೆ ಇಪ್ಪತ್ತೊಂದು, ಇಪ್ಪತ್ತೆರಡು ಸೆಂಟಿಮೀಟರು ಉದ್ದ ಸಾಕು. ಎಲ್ಲಿ ಬೇಕಾದರೂ ಅಡಗುತ್ತದೆ. ಆದರೆ ಅಷ್ಟು ಕಿರಿದಾದ ಬಾಯಲ್ಲಿ ಗಾಳಿ ಬಿರುಸಾಗಿ ನುಗ್ಗಿ ‘ಭುಸ್’ ಎಂದು ಹಾವಿನಂತೆ ಉಸಿರಾಡುತ್ತದೆ. ನಾಲ್ಕಂಗುಲದ, ಒಳಗಡೆ ಹತ್ತು ಸೆಂಟಿಮೀಟರಿನ ಪೈಪಿನಲ್ಲಿ ಗಾಳಿಯ ವೇಗ ಹತ್ತಿರ ಹತ್ತಿರ ಅರ್ಧಕ್ಕಿಳಿಯುತ್ತದೆ. ಆದರೆ ಅದೇ ಶ್ರುತಿಗೆ ಅದರ ಉದ್ದ 41 ಸೆಂಟಿಮೀಟರಾಗಬೇಕು. ಬಾಯಿ ಅಗಲವಾದಷ್ಟೂ ಕುತ್ತಿಗೆ ಉದ್ದವಾಗಲೇಬೇಕು, ಇದರಲ್ಲಿ ರಿಯಾಯಿತಿಯಿಲ್ಲ. ಜಾಗವಿಲ್ಲವೆಂದು ಈ ನಾಲ್ಕಂಗುಲದ ಪೈಪನ್ನು 20 ಸೆಂಟಿಮೀಟರಿಗೆ ಕತ್ತರಿಸಿದರೆ ಶ್ರುತಿ 46ರ ಸುಮಾರಿಗೆ ಏರಿಬಿಡುತ್ತದೆ. ಆಗ ಆ ಒಂದು ಸ್ವರ ಉಬ್ಬಿ, ಅದರ ಕೆಳಗಿನವೆಲ್ಲ ಕರಗಿ, ನಡುರಾತ್ರಿಯ ಆ ಕುಖ್ಯಾತ ‘ಧಂ, ಧಂ’ ಹುಟ್ಟುತ್ತದೆ.

40 ಲೀಟರು ಎಂದರೆ ಗಾಳಿಗೆ ಉಳಿಯಬೇಕಾದ ಜಾಗ. ಪೈಪೇ ಸುಮಾರು ನಾಲ್ಕು ಲೀಟರನ್ನು ನುಂಗುತ್ತದೆ. ಸ್ಪೀಕರಿನ ಹಿಂಭಾಗದ ಅಯಸ್ಕಾಂತ ಎರಡನ್ನು. ಗೋಡೆಗಳು ಅದುರದಂತೆ ಒಳಗೆ ಕೊಡುವ ಅಡ್ಡಪಟ್ಟಿಗಳು ಒಂದೂವರೆಯನ್ನು. ಆದ್ದರಿಂದ ಪೆಟ್ಟಿಗೆಯ ಒಳಗಡೆ ನಲವತ್ತೇಳೂವರೆ, ನಲವತ್ತೆಂಟು ಲೀಟರು ಬೇಕು. ತರುಣ ತಾನೇ ಒಂದು ನಕ್ಷೆ ಬರೆದು ತಂದಿದ್ದ: ಒಳಗಡೆ 50 ಉದ್ದ, 30 ಎತ್ತರ, 32 ಆಳ, ಸರಿಯಾಗಿ 48 ಲೀಟರು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಮೇಸ್ತ್ರಿ ಅದಕ್ಕೆ 18 ಮಿಲಿಮೀಟರಿನ ಹಲಗೆಯ ದಪ್ಪವನ್ನು ಎರಡೂ ಕಡೆಯಿಂದ ಕೂಡಿಸಿ, ಹೊರಗಿನ ಆಳ 35.6 ಎಂದು ಬರೆದು, ಅದನ್ನು 96ರಿಂದ ಕಳೆದು ತೋರಿಸಿದರು. ಉಳಿದುದು ಅರವತ್ತು ಚಿಲ್ಲರೆ. ಕುರ್ಚಿಗೆ ಬೇಕಾದುದು 68.

ತಂದೆ ಡಿಕ್ಕಿಯ ಬಾಗಿಲಿಗೆ ಕೈ ಹಾಕಿದರು, ಮುಚ್ಚಲೆಂದು.

“ಸ್ವಲ್ಪ ತಾಳಿ ಸಾರ್,” ಎಂದರು ಮೇಸ್ತ್ರಿ. “ಗಾಳಿಗೆ ಬೇಕಾದ್ದು ಲೀಟರು. ಅದು ಉದ್ದವೋ ಚೌಕವೋ ಎಂದು ಗಾಳಿ ಕೇಳುವುದಿಲ್ಲ.”

ಈ ಮಾತಿನಲ್ಲಿ ಒಂದು ದೊಡ್ಡ ಸತ್ಯವಿದೆ. 35 ಕಂಪನಗಳ ಸ್ವರದ ಒಂದು ಅಲೆಯ ಉದ್ದ ಸುಮಾರು ಹತ್ತು ಮೀಟರು. ಪೆಟ್ಟಿಗೆಯ ಮಾತಿರಲಿ, ಇಡೀ ಕಾರಿಗಿಂತಲೂ ಉದ್ದ. ಅಂತಹ ಮಹಾಕಾಯದ ಅಲೆಗೆ ಪೆಟ್ಟಿಗೆಯ ಮೂಲೆಗಳು ಕಣ್ಣಿಗೇ ಬೀಳುವುದಿಲ್ಲ. ಘನಗಾತ್ರ ಒಂದೇ ಆಗಿದ್ದರೆ, ಸ್ಪೀಕರಿನ ಬೆನ್ನಿಗೂ ಪೈಪಿನ ಬಾಯಿಗೂ ಉಸಿರಾಡಲು ತೆರಪಿದ್ದರೆ, ಆಕಾರ ಹೇಗಿದ್ದರೂ ನಾದ ಬದಲಾಗದು. ಇಷ್ಟು ಉದ್ದದ ಅಲೆ ಕಾರಿನೊಳಗೆ ಬಿಚ್ಚಿಕೊಳ್ಳಲು ಸ್ಥಳವಿಲ್ಲದುದರಿಂದ ಅಲ್ಲಿ ಗಾಳಿಯ ಒತ್ತಡವಾಗಿಯೇ ಏರಿಳಿಯುತ್ತದೆ. ಮನೆಯ ಹಜಾರದಲ್ಲಿ ಬಡಕಲಾಗಿ ಕೇಳುವ ಪೆಟ್ಟಿಗೆ ಕಾರಿನೊಳಗೆ ಪುಷ್ಟವಾಗಿ ಕೇಳುವುದು ಆ ಕಾರಣದಿಂದ. ಮನೆಯ ಪೆಟ್ಟಿಗೆಯ ನಕ್ಷೆಯನ್ನು ಕಾರಿಗೆ ಹಾಗೆಯೇ ಇಳಿಸಬಾರದೆಂಬುದೂ ಅದೇ ಕಾರಣದಿಂದ.

ಮೇಸ್ತ್ರಿ ಹೊಸದಾಗಿ ಬರೆದ ಅಂಕಿಗಳು ಇವು: ಒಳಗಡೆ 80 ಉದ್ದ, 30 ಎತ್ತರ, 20 ಆಳ. ಗುಣಿಸಿದರೆ ಅದೇ 48 ಲೀಟರು. ಹಲಗೆ ಸೇರಿದ ಮೇಲೆ ಆಳ 23.6. ತೊಂಬತ್ತಾರರಲ್ಲಿ ಅದನ್ನು ಕಳೆದರೆ 72.4. ಕುರ್ಚಿ ಮಲಗಿದ ಮೇಲೂ ನಾಲ್ಕು ಸೆಂಟಿಮೀಟರು ಮಿಗುತ್ತದೆ. ಹೊರಗಿನ ಉದ್ದ 83.6 ಆದುದರಿಂದ ಅಗಲದಲ್ಲಿ ಹದಿನಾರು ಉಳಿಯುತ್ತದೆ. ಪೆಟ್ಟಿಗೆಯನ್ನು ಎಡಗಡೆಗೆ ಸರಿಸಿ ಆ ಹದಿನಾರನ್ನೂ ಪೈಪಿನ ಬಾಯಿಯ ಮುಂದೆ ಬಿಡಬೇಕು, ಏಕೆಂದರೆ ಬಾಯಿಯ ಅಗಲದಷ್ಟಾದರೂ ತೆರಪಿಲ್ಲದಿದ್ದರೆ ಶ್ರುತಿ ಕೆಡುತ್ತದೆ. ಕುರ್ಚಿಯ ಕಬ್ಬಿಣ ತಟ್ಟೆಗೆ ತಗುಲದಂತೆ ಸ್ಪೀಕರಿನ ಮುಂದೆ ಉಕ್ಕಿನ ಜಾಲರಿ. ತಂದೆಯವರು ಈ ಲೆಕ್ಕವನ್ನು ಎರಡು ಸಲ ತಾವೇ ಕೂಡಿ ಕಳೆದು ನೋಡಿ, “ಮಾಡಿ,” ಎಂದರು.

ಹಲಗೆ ಕೊಯ್ಯುವುದನ್ನು ನೋಡುವುದೇ ಒಂದು ಪಾಠ. ಮೇಸ್ತ್ರಿ ಆರಿಸಿಕೊಂಡದ್ದು ಎಂ.ಡಿ.ಎಫ್., ಅಂದರೆ ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆ. ಅದಕ್ಕೆ ಸೆಲೆಗಳಿಲ್ಲ, ಗಂಟುಗಳಿಲ್ಲ, ಎಲ್ಲ ಕಡೆಯೂ ಒಂದೇ ಸಾಂದ್ರತೆ; ತಾನಾಗಿ ಮಾರ್ದನಿಸುವ ಚಪಲವೂ ಕಡಮೆ. ವೀಣೆಯ ಕೊಡಕ್ಕೆ ಹಲಸಿನ ಮರವನ್ನು ಹುಡುಕುವವರು ಮರ ಹಾಡಲೆಂದು ಹುಡುಕುತ್ತಾರೆ. ಇಲ್ಲಿ ಮರ ಬಾಯಿ ಮುಚ್ಚಿಕೊಂಡಿರಬೇಕು, ಗಾಳಿಯೊಂದೇ ಹಾಡಬೇಕು. ದೋಷವೆಂದರೆ ಭಾರ, ಮತ್ತು ನೀರು ಕಂಡರೆ ಉಬ್ಬುವ ಸ್ವಭಾವ. ಮಳೆಗಾಲದಲ್ಲಿ ಡಿಕ್ಕಿಗೆ ನೀರು ಸೋರುವ ಕಾರುಗಳಿಗೆ ಪ್ಲೈವುಡ್ಡೇ ವಾಸಿ. ಅಂಚುಗಳಿಗೆ ಅಂಟು ಬಳಿದು, ಸ್ಕ್ರೂ ಬಿಗಿದು, ಒಳಗಿನ ಪ್ರತಿಯೊಂದು ಕೀಲಿಗೂ ಬೆರಳಿನಿಂದ ಸಿಲಿಕೋನ್ ಮೆತ್ತಿ ಒರೆಸುತ್ತಾರೆ. ಸೂಜಿಯ ಮೊನೆಯಷ್ಟು ಸಂದು ಉಳಿದರೂ ಅಲ್ಲಿಂದ ಗಾಳಿ ಸಿಳ್ಳೆ ಹಾಕುತ್ತದೆ. ಆಕಾರವನ್ನು ತೆಳ್ಳಗೆ ಉದ್ದಕ್ಕೆ ಎಳೆದುದಕ್ಕೂ ಒಂದು ದಂಡವುಂಟು: ಅಗಲವಾದ ಹಲಗೆ ತಮಟೆಯಂತೆ ಅದುರುತ್ತದೆ. ಅದಕ್ಕಾಗಿ ಮುಂದಿನ ಮತ್ತು ಹಿಂದಿನ ಗೋಡೆಗಳ ನಡುವೆ ಎರಡು ಕಡೆ ಅಡ್ಡಪಟ್ಟಿಗಳನ್ನು ಕೊಟ್ಟರು.

ಪೈಪನ್ನು ಮಾತ್ರ ಲೆಕ್ಕಕ್ಕಿಂತ ಎರಡು ಸೆಂಟಿಮೀಟರು ಉದ್ದವಾಗಿ, 43ಕ್ಕೆ ಕತ್ತರಿಸಿದರು. ತರುಣ ಕಾರಣ ಕೇಳಿದ. “ಉದ್ದ ಇದ್ದರೆ ಆಮೇಲೆ ಕುಯ್ಯಬಹುದು. ಕುಯ್ದದ್ದನ್ನು ಬೆಳೆಸೋದು ಯಾರಿಗೂ ಬರೋದಿಲ್ಲ,” ಎಂದು ಮೇಸ್ತ್ರಿ ನಕ್ಕರು.

ಅಂಟು ಒಣಗುವವರೆಗೆ ಬಿಡುವು. ಆ ಹೊತ್ತಿನಲ್ಲಿ ತಂತಿಯ ಕೆಲಸ ನಡೆಯುತ್ತದೆ. ಅದನ್ನು ಮಾಡುವವನು ಬೇರೆ ಹುಡುಗ. ಆಂಪ್ಲಿಫೈಯರಿಗೆ ಬ್ಯಾಟರಿಯಿಂದಲೇ ದಪ್ಪ ತಂತಿಯನ್ನು ಎಳೆಯಬೇಕು, ಬ್ಯಾಟರಿಯಿಂದ ಒಂದು ಮೊಳದೊಳಗೆ ಫ್ಯೂಸು ಇರಬೇಕು. ಫ್ಯೂಸಿಲ್ಲದ ತಂತಿ ಎಲ್ಲಿಯಾದರೂ ತಗಡಿಗೆ ಉಜ್ಜಿ ಚರ್ಮ ಸುಲಿದುಕೊಂಡರೆ ಕಾರಿಗೇ ಬೆಂಕಿ. ಪೆಟ್ಟಿಗೆ, ಸ್ಪೀಕರು ಸೇರಿ ಇಪ್ಪತ್ತು ಕಿಲೋಗ್ರಾಮಿನಷ್ಟು ಭಾರವಾಗುವುದರಿಂದ ಅದನ್ನು ಡಿಕ್ಕಿಯ ನೆಲಕ್ಕೆ ಕಬ್ಬಿಣದ ಪಟ್ಟಿಗಳಿಂದ ಬಿಗಿಯದೆ ಬಿಡಬಾರದು. ಥಟ್ಟನೆ ಬ್ರೇಕು ಹಾಕಿದಾಗ ಬಿಡಿಯಾಗಿರುವ ಅಷ್ಟು ಭಾರ ಹಿಂದಿನ ಸೀಟಿಗೆ ಅಪ್ಪಳಿಸುವುದು, ಮತ್ತು ಆ ಸೀಟಿನಲ್ಲಿ ಕೂರತಕ್ಕವರು ವೃದ್ಧೆ ಎಂಬುದು, ಇವೆರಡನ್ನೂ ಜೋಡಿಸಿ ಯೋಚಿಸಿದರೆ ಸಾಕು. ಚೆಂದಕ್ಕೆ ಗಮನ ಕೊಟ್ಟು ಇವೆರಡನ್ನು ಮರೆಯುವ ಅಂಗಡಿಗಳು ಇಲ್ಲದಿಲ್ಲ. ಕಾರು ಒಪ್ಪಿಸುವವರು ಕೇಳಿ ನೋಡಿಕೊಳ್ಳುವುದು ಒಳ್ಳೆಯದು.

ಮಧ್ಯಾಹ್ನದ ಊಟದ ಹೊತ್ತಿಗೆ ಬೀದಿಯ ಗದ್ದಲ ಕೊಂಚ ತಗ್ಗುತ್ತದೆ. ಮೇಸ್ತ್ರಿಯ ಕೆಲಸವೂ ಮೊದಲಿನಂತಿಲ್ಲ. ಈಚಿನ ಕಾರುಗಳು ಕಾರ್ಖಾನೆಯಿಂದಲೇ ಪರದೆ, ಸ್ಪೀಕರು ಎಲ್ಲವನ್ನೂ ಹೊತ್ತು ಬರುತ್ತವೆ. ಸೀಟಿನ ಕೆಳಗೆ ತೂರಿಸುವ ಚಪ್ಪಟೆಯಾದ ಸಿದ್ಧ ಪೆಟ್ಟಿಗೆಗಳೂ ಪೇಟೆಯಲ್ಲಿ ಹೇರಳ. ಅವುಗಳಿಗೆ ಅಳತೆ ಬೇಡ, ಲೆಕ್ಕ ಬೇಡ. ಹದಿನೈದು ನಿಮಿಷದಲ್ಲಿ ಕೂರುತ್ತವೆ, ಸಾಧಾರಣ ಕಿವಿಗೆ ಸಾಕಷ್ಟು ಚೆನ್ನಾಗಿಯೇ ನುಡಿಯುತ್ತವೆ. ಆದರೆ ನಲವತ್ತು ಲೀಟರು ಗಾಳಿ ಮಾಡುವ ಕೆಲಸವನ್ನು ಎಂಟು ಹತ್ತು ಲೀಟರು ಗಾಳಿಯಿಂದ ಮಾಡಿಸಲಾಗದು. ಮಂದ್ರಕ್ಕೆ ಜಾಗವೇ ಬೆಲೆ. ಆ ಬೆಲೆಯನ್ನು ತೆರಲು ಒಪ್ಪಿದವರು ಮಾತ್ರ ಈ ಅಡ್ಡರಸ್ತೆಗೆ ಹೊರಳುತ್ತಾರೆ. ಹಾಗೆ ಹೊರಳುವವರಿಗಾಗಿ ಇಂತಹ ಕೈಗಳು ಇನ್ನೆಷ್ಟು ಕಾಲ ಗರಗಸ ಹಿಡಿದಿರುತ್ತವೆಯೋ.

ಸಂಜೆ ನಾಲ್ಕರ ಸುಮಾರಿಗೆ ಪರೀಕ್ಷೆ. ಪೆಟ್ಟಿಗೆಯನ್ನು ಇನ್ನೂ ಬೆಂಚಿನ ಮೇಲೆಯೇ ಇಟ್ಟು, ಫೋನಿನಿಂದ ಶುದ್ಧವಾದ ಒಂದೊಂದೇ ಸ್ವರವನ್ನು ಮೆಲ್ಲಗೆ ನುಡಿಸುತ್ತ ಬಂದರು. ಪೈಪಿನ ಬಾಯಿಗೆ ಮೇಸ್ತ್ರಿ ತೆಳುವಾದ ಕಾಗದದ ಪಟ್ಟಿಯೊಂದನ್ನು ಅಂಟಿಸಿದ್ದರು. ಸ್ವರ 60ರಲ್ಲಿದ್ದಾಗ ಸ್ಪೀಕರಿನ ತಟ್ಟೆ ಕಣ್ಣಿಗೆ ಕಾಣುವಂತೆ ನಡುಗುತ್ತಿತ್ತು, ಕಾಗದ ಸುಮ್ಮನಿತ್ತು. 50ಕ್ಕಿಳಿಸಿದಾಗ ಕಾಗದ ಅಲುಗಿತು. 40ರಲ್ಲಿ ಪಟಪಟನೆ ಬಡಿದುಕೊಂಡಿತು. ಇನ್ನೂ ಇಳಿಸಿ 34ಕ್ಕೆ ಬಂದಾಗ ಸೋಜಿಗವೊಂದು ನಡೆಯಿತು: ತಟ್ಟೆ ಬಹುಮಟ್ಟಿಗೆ ನಿಂತೇಹೋಯಿತು, ಸದ್ದು ಮಾತ್ರ ನಿಲ್ಲಲಿಲ್ಲ. ಬೆಂಚು, ತಗಡಿನ ಛಾವಣಿ, ನಿಂತವರ ಎದೆಗೂಡು ಎಲ್ಲವೂ ಆ ತಗ್ಗು ಸ್ವರದಲ್ಲಿ ತುಂಬಿಕೊಂಡವು. ಹಾಡುತ್ತಿದ್ದುದು ಪೈಪಿನಲ್ಲಿದ್ದ ಒಂದು ಹಿಡಿ ಗಾಳಿ. ಯಾವ ಸ್ವರದಲ್ಲಿ ತಟ್ಟೆ ನಿಲ್ಲುತ್ತದೆಯೋ ಅದೇ ಪೆಟ್ಟಿಗೆಯ ಶ್ರುತಿ. ಲೆಕ್ಕ ಬಯಸಿದ್ದು 35. ದೊರೆತದ್ದು ಒಂದು ಕೂದಲು ಕೆಳಗೆ. ಮೇಸ್ತ್ರಿ ಪೈಪನ್ನು ಹೊರಗೆಳೆದು, ಆ ಎರಡು ಸೆಂಟಿಮೀಟರನ್ನು ಕೊಯ್ದು, ಮರಳಿ ಕೂರಿಸಿದರು. ತಂಬೂರಿಯ ಮಣಿ ಸರಿಸಿದಷ್ಟೇ ಸಹಜವಾಗಿತ್ತು ಆ ಕೆಲಸ.

ತರುಣನಿಗೆ ಹುರುಪೇರಿತು. ಸ್ವರವನ್ನು 25ಕ್ಕೆ ಇಳಿಸಿ ನೋಡಹೋದ. ತಟ್ಟೆ ಒಮ್ಮೆಲೆ ಹುಚ್ಚೆದ್ದಂತೆ ಒಳಕ್ಕೂ ಹೊರಕ್ಕೂ ಎರಗತೊಡಗಿತು. ಮೇಸ್ತ್ರಿ ಕೈನೀಡಿ ಥಟ್ಟನೆ ಆರಿಸಿದರು. ಪೋರ್ಟಿನ ಪೆಟ್ಟಿಗೆಯ ಅಪಾಯ ಇರುವುದು ಇಲ್ಲಿಯೇ. ಶ್ರುತಿಯ ಹತ್ತಿರ ಪೆಟ್ಟಿಗೆಯ ಗಾಳಿ ತಟ್ಟೆಯನ್ನು ಹಿಡಿದಿರುತ್ತದೆ. ಶ್ರುತಿಗಿಂತ ಬಹಳ ಕೆಳಗಿಳಿದರೆ ಗಾಳಿ ಕೊಳವೆಯಲ್ಲಿ ಸುಮ್ಮನೆ ಹೋಗಿ ಬಂದು ಮಾಡುತ್ತದೆ, ತಟ್ಟೆಗೆ ಹಿಡಿತವೇ ತಪ್ಪುತ್ತದೆ. ಸೂತ್ರ ಹರಿದ ಗಾಳಿಪಟದಂತೆ ಅದು ಎಗರಾಡಿ ಹರಿದುಹೋಗಬಹುದು. ಬಿಗಿಯಾಗಿ ಮುಚ್ಚಿದ ಪೆಟ್ಟಿಗೆಯಲ್ಲಿ ಈ ಭಯ ಕಡಮೆ, ಅದು ತಪ್ಪುಗಳನ್ನು ಕ್ಷಮಿಸುತ್ತದೆ. ಪೋರ್ಟಿನ ಪೆಟ್ಟಿಗೆ ಕ್ಷಮಿಸುವುದಿಲ್ಲ. ಆದಕಾರಣ ಆಂಪ್ಲಿಫೈಯರಿನ ಒಂದು ತಿರುಪನ್ನು 28ರ ಸುಮಾರಿಗೆ ನಿಲ್ಲಿಸಿ, ಅದಕ್ಕಿಂತ ತಗ್ಗಿನ ಕಂಪನಗಳನ್ನು ಒಳಗೇ ತಡೆದುಬಿಟ್ಟರು. ಇನ್ನೊಂದನ್ನು 80ಕ್ಕೆ ನಿಲ್ಲಿಸಿ, ಅದರ ಮೇಲಿನ ಸ್ವರಗಳನ್ನು ಬಾಗಿಲಿನ ಸ್ಪೀಕರುಗಳಿಗೆ ಬಿಟ್ಟುಕೊಟ್ಟರು.

“ಸೌಂಡು ಎಷ್ಟಕ್ಕೆ ಇಡಲಿ ತಮ್ಮಾ?” ಎಂದು ಮೇಸ್ತ್ರಿ ಕೇಳಿದ್ದು ಮಗನನ್ನು, ಉತ್ತರ ಬಂದದ್ದು ತಂದೆಯಿಂದ.

“ಪಕ್ಕದ ಮನೆಯವರು ಬೈಯದಷ್ಟಕ್ಕೆ.”

ಅದಕ್ಕೆ ಕಾನೂನಿನ ಬೆಂಬಲವೂ ಇದೆ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬೆಲ್ ಎಂದು ಮಿತಿ ಹಾಕಿವೆ. ಮಂದ್ರಸ್ವರದ ತೊಡಕೆಂದರೆ ಅದು ಗೋಡೆಗಳನ್ನು ಲೆಕ್ಕಿಸುವುದಿಲ್ಲ. ಹಾಡಿನ ಮಾತು ಕಾರಿನೊಳಗೇ ಉಳಿದರೂ ಗುಡುಗು ಮಾತ್ರ ಬೀದಿಗಿಳಿಯುತ್ತದೆ.

ಕಪ್ಪು ಕಾರ್ಪೆಟ್ ಬಟ್ಟೆಯನ್ನು ಹೊದ್ದು ಪೆಟ್ಟಿಗೆ ಡಿಕ್ಕಿಯೊಳಗೆ ಕೂತಿತು. ಕಬ್ಬಿಣದ ಪಟ್ಟಿಗಳನ್ನು ಬಿಗಿದರು. ಬಲಗಡೆ ಪೈಪಿನ ಬಾಯಿಯ ಮುಂದೆ ಗೇಣಿನಷ್ಟಲ್ಲದಿದ್ದರೂ ಸಾಕಷ್ಟು ತೆರಪಿತ್ತು. ತಂದೆಯವರು ಯಾರ ಸಹಾಯವನ್ನೂ ಕೇಳದೆ ಗಾಲಿಕುರ್ಚಿಯನ್ನು ತಾವೇ ಎತ್ತಿ ಮಲಗಿಸಿ, ಬಾಗಿಲನ್ನು ನಿಧಾನವಾಗಿ ಇಳಿಸಿದರು. ಅದು ಎಲ್ಲಿಯೂ ತಗುಲದೆ ಮುಚ್ಚಿಕೊಂಡಿತು. ತೆರೆದು, ಇನ್ನೊಮ್ಮೆ ಮುಚ್ಚಿ ನೋಡಿದರು.

ಒಳಗೆ ಕುಳಿತ ಮೇಲೆ ಮಗ ತನ್ನ ಮೆಚ್ಚಿನ ಯಾವುದೋ ಹೊಸ ಹಾಡಿಗೆ ಕೈ ಹಾಕಿದ್ದ. ತಂದೆ ತಡೆದು, ಹಳೆಯದೊಂದು ಕಚೇರಿಯ ಧ್ವನಿಮುದ್ರಿಕೆಯನ್ನು ಹಾಕಲು ಹೇಳಿದರು. ಅವರು ಚಿಕ್ಕಂದಿನಿಂದ ಕೇಳುತ್ತ ಬಂದದ್ದೇ. ಹಾಡುಗಾರಿಕೆ ಮುಗಿದು ತನಿ ಆವರ್ತನ ತೊಡಗಿತು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೇಳಿ, “ಎಡಗೈ ಇಷ್ಟು ಕೆಲಸ ಮಾಡಿದೆ ಅಂತ ಗೊತ್ತೇ ಇರಲಿಲ್ಲ,” ಎಂದರು. ಮಗ ಏನೂ ಹೇಳದೆ ಗಾಡಿಯನ್ನು ಹೊರಡಿಸಿದ.

ಕಾರು ಅಡ್ಡರಸ್ತೆಯನ್ನು ದಾಟಿ ಜೆ. ಸಿ. ರಸ್ತೆಯ ಜನಜಂಗುಳಿಯನ್ನು ಸೇರಿಕೊಂಡಿತು. ಕಿಟಕಿಗಳನ್ನು ಏರಿಸಿದ್ದರು; ಹೊರಗೆ ನಿಂತವರಿಗೆ ಏನೂ ಕೇಳಿಸುವಂತಿರಲಿಲ್ಲ. ಮೇಸ್ತ್ರಿ ಆಗಲೇ ಮುಂದಿನ ಗಿರಾಕಿಯ ಡಿಕ್ಕಿಗೆ ಟೇಪು ಹಿಡಿದು, ಹಲಗೆಯ ಮೇಲಿನ ಹಳೆಯ ಅಂಕಿಗಳನ್ನು ಅಂಗೈಯಿಂದ ಒರೆಸುತ್ತಿದ್ದರು.